ಶುಕ್ರವಾರ ಕೆಂಪಾಗುತ್ತಿದ್ದ ವಾಚು

ಆ ಹೆಂಗಸು ವಾಚನ್ನು ತಕ್ಷಣ ನನ್ನ ಕೈಗೆ ಕೊಡಲಿಲ್ಲ. ಸೆರಗಿನ ತುದಿಯಲ್ಲಿ ಸುತ್ತಿ ಹಿಡಿದುಕೊಂಡೇ ಕೇಳಿದಳು, "ಅಕ್ಕಾರ, ಒಂದು ವಾಚು ಯಾವ ದೇಶದಾಗ ಮಾರಾಕ ಮಾಡಿದ್ದು ಅಂತ ನೀವು ನೋಡಿ ಹೇಳ್ತೀರಂತ. ಖರೇ ಏನ್ರಿ?"

ಕೊಪ್ಪಳ ಜಿಲ್ಲೆಯಾಗಿ ಹತ್ತು ವರ್ಷ ಕಳೆದಿದ್ದ ಕಾಲ ಅದು. ಗಂಗಾವತಿಯಲ್ಲಿ ನನ್ನದು ವಾಚ್ ರಿಪೇರಿ ಅಂಗಡಿ. ಸೆಲ್ಲು ಹಾಕುವ, ಬೆಲ್ಟು ಬದಲಿಸುವ ಕೆಲಸದ ನಡುವೆ ಇನ್ನೊಂದು ಬಗೆಯ ಕೆಲಸವೂ ನನ್ನ ಮೇಜಿಗೆ ಬರುತ್ತಿತ್ತು. ಹಳೆಯ ಜಪಾನಿ ವಾಚುಗಳನ್ನು ಕೊಂಡು ಮಾರುವ ಹೈದರಾಬಾದಿನ ವ್ಯಾಪಾರಿಯೊಬ್ಬರು ತಮಗೆ ಅನುಮಾನ ಬಂದವನ್ನೆಲ್ಲ ನನಗೆ ಕಳಿಸುತ್ತಿದ್ದರು. ಒಂದೇ ಕಂಪನಿ, ಒಂದೇ ಯಂತ್ರ, ಹೊರಗಿನಿಂದ ನೋಡಿದರೆ ಒಂದೇ ವಾಚು. ಆದರೆ ಅರಬ್ ದೇಶಗಳಿಗೆ ಹೋಗುವುದಕ್ಕೆ ವಾರದ ಹೆಸರುಗಳನ್ನು ಅಚ್ಚು ಹಾಕಿದ ಒಂದು ಬಗೆಯ ಬಿಲ್ಲೆ ಹಾಕುತ್ತಿದ್ದರು, ದಕ್ಷಿಣ ಅಮೆರಿಕಕ್ಕೆ ಹೋಗುವುದಕ್ಕೆ ಇನ್ನೊಂದು, ತಮ್ಮ ದೇಶದಲ್ಲೇ ಮಾರುವುದಕ್ಕೆ ಮತ್ತೊಂದು. ಡಯಲಿನ ಕೆಳತುದಿಯಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರಗಳಲ್ಲಿ ಅದರ ಗುರುತು ಬೇರೆ. ಬೇಡಿಕೆಯಿದ್ದ ಮಾದರಿಗಳ ಡಯಲಿಗೆ ಹೊಸ ಬಣ್ಣ ಬಳಿದು, ಬಿಲ್ಲೆ ಬದಲಿಸಿ ಅಸಲಿಯೆಂದು ಮಾರುವವರು ಬಹಳ. ಕಾರ್ಖಾನೆಯಿಂದ ಹಾಗೇ ಹೊರಟದ್ದು ಯಾವುದು, ಆಮೇಲೆ ಯಾರೋ ಹಾಗೆ ಮಾಡಿದ್ದು ಯಾವುದು ಎಂದು ಬೇರ್ಪಡಿಸಿ ಹೇಳುವುದು ನನ್ನ ಪಾಲಿನ ಕೆಲಸ.

ಆಕೆಯ ಹಿಂದೆ ನಿಂತಿದ್ದ ಯುವಕ ಅವಳ ಮೈದುನ. ಯಲಬುರ್ಗಾ ತಾಲೂಕಿನ ಹಳ್ಳಿಯವರು. ಮೊದಲು ಕೊಪ್ಪಳದ ಅಂಗಡಿಗಳಲ್ಲಿ ವಿಚಾರಿಸಿ, ಅಲ್ಲಿ ಯಾರೋ ನನ್ನ ಹೆಸರು ಹೇಳಿದ್ದಕ್ಕೆ ಇಲ್ಲಿಗೆ ಬಂದಿದ್ದರು. ಮಾತು ಶುರುಮಾಡಿದವನು ಅವನೇ.

"ನಮ್ಮ ಅಣ್ಣ ಅರಬ ದೇಶದಾಗ ಪೈಪಿನ ಕೆಲಸಕ್ಕ ಹೋಗಿದ್ದ್ರಿ. ಪೈಪ ಹಾಕಾಕ ತೋಡಿದ ತೆಗ್ಗು ಕುಸಿದು ತೀರ್ಕೊಂಡ. ಪೆಟ್ಟಿಗಿ ಬರಾಕ ಭಾಳ ತಿಂಗಳ ಹಿಡೀತು. ತೆರದು ನೋಡಬ್ಯಾಡ್ರಿ, ನೋಡೂ ಹಂಗಿಲ್ಲ ಅಂತ ಹೇಳಿ ಕೊಟ್ರು. ಪೆಟ್ಟಿಗಿ ಸಮೇತ ನಮ್ಮ ಹೊಲದಾಗ ಮಣ್ಣು ಮಾಡಿದ್ವಿ. ಪೆಟ್ಟಿಗಿ ಜೋಡಿ ಒಂದು ಚೀಲದಾಗ ಈ ವಾಚು ಬಂದೈತಿ. ಕೈಯಾಗ ಇದ್ದದ್ದನ್ನ ಬಿಚ್ಚಿ ಹಾಕ್ಯಾರಂತ."

"ಇದು ಅವರ ವಾಚ ಅಲ್ರಿ" ಎಂದಳು ಆಕೆ.

ಹಣೆಯಲ್ಲಿ ಕುಂಕುಮವಿತ್ತು, ಕೊರಳಲ್ಲಿ ತಾಳಿಯಿತ್ತು. ನಾನು ನೋಡಿದ್ದನ್ನು ಮೈದುನ ನೋಡಿದ. "ಅತ್ತಿಗಿ ತೆಗ್ಯಾಕ ಒಲ್ಲೆ ಅಂತಾರ್ರಿ. ಮನ್ಯಾಗ ಅವ್ವ ದಿನಾ ಅಳ್ತಾಳ" ಎಂದ. ದೂರು ಹೇಳುವ ದನಿಯಲ್ಲ ಅದು. ಅವನಿಗೂ ದಾರಿ ಕಾಣದೆ ಬಂದಿದ್ದ.

ಅವಳು ಸೆರಗು ಬಿಚ್ಚಿ ವಾಚನ್ನು ಮೇಜಿನ ಮೇಲಿಟ್ಟಳು. ನೀಲಿ ಡಯಲಿನ ಸ್ಟೀಲ್ ವಾಚು, ಕೈಯ ಅಲುಗಾಟಕ್ಕೇ ಕೀಲಿ ತಿರುಗಿಕೊಳ್ಳುವ ಬಗೆಯದು. ಗಾಜಿನ ಅಂಚಿಗೆ ಹಳದಿ ಮಣ್ಣು ಇನ್ನೂ ಕಚ್ಚಿಕೊಂಡಿತ್ತು. ಎತ್ತಿದ ಕೂಡಲೇ ನಡೆಯಲು ಶುರುವಾಯಿತು. ಅವಳು ಮುಖ ಆಚೆ ತಿರುಗಿಸಿದಳು.

"ಅವರದ್ದಲ್ಲ ಅಂತ ಹೆಂಗ ಹೇಳ್ತೀಯವ್ವಾ?"

"ರಜೆಕ್ಕ ಬಂದಾಗ ಅವರು ಜಳಕಕ್ಕ ಹೋದ್ರ ಬಿಚ್ಚಿ ನನ್ನ ಕೈಯಾಗ ಕೊಡ್ತಿದ್ರು. ದಿನಾ ನೋಡ್ತಿದ್ದೆ. ಈ ಸಣ್ಣ ಕಿಡಕಿಯಾಗ ವಾರ ಬರ್ತೈತಲ್ರಿ, ಅದು ನಮ್ಮೂರ ದರ್ಗಾದ ಬಾಗಲ ಮ್ಯಾಲೆ ಬರದಾರಲ್ಲ, ಆ ಅಕ್ಷರದಾಗ ಇತ್ತು. ಶುಕ್ರವಾರ ಮಾತ್ರ ಕೆಂಪ ಬರ್ತಿತ್ತು. ಅಲ್ಲಿ ಅವತ್ತು ಸೂಟಿ ಅಂತ ಹೇಳ್ತಿದ್ರು. ನನಗ ಓದಾಕ ಬರೂದಿಲ್ಲ, ಆದ್ರ ಗುರ್ತು ಹಿಡೀತೀನಿ. ಇದರಾಗ ಆ ಅಕ್ಷರ ಇಲ್ಲೇ ಇಲ್ಲ."

ನಾನು ವಾಚಿನ ಪಕ್ಕದ ತಿರುಗಿಸುವ ಗುಬುಟು ಎಳೆದು ವಾರಗಳನ್ನು ಒಂದೊಂದಾಗಿ ಓಡಿಸಿದೆ. ಈ ವಾಚುಗಳ ಬಿಲ್ಲೆಯ ಮೇಲೆ ಎರಡು ಭಾಷೆಗಳಿರುತ್ತವೆ, ಇಂಗ್ಲಿಷಿನ ಒಂದು ವಾರ, ಅದರ ಪಕ್ಕದಲ್ಲೇ ಇನ್ನೊಂದು ಭಾಷೆಯ ಅದೇ ವಾರ. ಬೇಕಾದ್ದನ್ನು ಆರಿಸಿ ನಿಲ್ಲಿಸಿಕೊಳ್ಳಬಹುದು. ಇದರಲ್ಲಿದ್ದದ್ದು ಇಂಗ್ಲಿಷ್ ಮತ್ತು ಸ್ಪ್ಯಾನಿಷ್. ಕೆಂಪು ಬಂದದ್ದು ಭಾನುವಾರಕ್ಕೆ. ಅವಳ ಮಾತು ಸರಿಯಾಗಿತ್ತು. ಅರಬ್ ದೇಶಗಳಿಗೆ ಹೋಗುವ ವಾಚಿನ ಅರೇಬಿಕ್ ವಾರಗಳಲ್ಲಿ ಕೆಂಪು ಬರುವುದು ಶುಕ್ರವಾರಕ್ಕೆ. ಓದಲು ಬಾರದವಳು ಇದನ್ನು ಕಲ್ಪಿಸಿಕೊಂಡು ಹೇಳಲು ಸಾಧ್ಯವಿರಲಿಲ್ಲ.

"ಅಲ್ಲೇ ರಿಪೇರಿಗೆ ಹಾಕಿದಾಗ ಬಿಲ್ಲಿ ಬದಲಿ ಮಾಡಿರಬಹುದಲ್ರಿ?" ಎಂದ ಮೈದುನ, ಮೆಲ್ಲಗೆ.

ಮಾಡಿರಬಹುದು. ಅದೇ ತಾನೇ ನಾನು ವರ್ಷವಿಡೀ ಹುಡುಕುತ್ತಿದ್ದ ಮೋಸ. ವಾಚನ್ನು ಬಿಟ್ಟು ಹೋಗಿ, ಸರಿಯಾಗಿ ನೋಡಿ ಹೇಳುತ್ತೇನೆ ಎಂದೆ. ಆಕೆ ಇನ್ನೊಂದು ವಸ್ತುವನ್ನೂ ಕೊಟ್ಟು ಹೋದಳು, ರಜೆಯಲ್ಲಿ ಕುಷ್ಟಗಿಯ ಸ್ಟುಡಿಯೋದಲ್ಲಿ ಗಂಡ ಹೆಂಡತಿ ತೆಗೆಸಿಕೊಂಡ ಫೋಟೊ. ಆಕೆ ಕುರ್ಚಿಯಲ್ಲಿ, ಅವನು ಪಕ್ಕದಲ್ಲಿ ನಿಂತು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಿದ್ದ. ಆ ಕೈಯಲ್ಲಿ ವಾಚಿತ್ತು. ನೀಲಿ ಡಯಲು, ಸ್ಟೀಲ್ ಚೈನು. ನನ್ನ ಮೇಜಿನ ಮೇಲಿದ್ದದ್ದೂ ಅದೂ ಅವಳಿಜವಳಿಯಂತಿದ್ದವು.

ಮೊದಲು ನಂಬರುಗಳಿಂದ ಶುರುಮಾಡಿದೆ. ಹಿಂದಿನ ಮುಚ್ಚಳದ ಮೇಲೆ ಯಂತ್ರದ ನಂಬರು, ಕೇಸಿನ ನಂಬರು, ತಯಾರಾದ ವರ್ಷ ತಿಂಗಳನ್ನು ಸೂಚಿಸುವ ಅಂಕಿಗಳು ಇರುತ್ತವೆ. ಡಯಲಿನ ತುದಿಯ ಸಣ್ಣಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿದೆ. ಎಲ್ಲವೂ ಒಂದಕ್ಕೊಂದು ಹೊಂದಿದವು, ಡಯಲು ಅಸಲಿ. ಆದರೆ ಅದು ಹೊರದೇಶಗಳಿಗೆಂದು ಮಾಡಿದ ಸಾಮಾನ್ಯ ಮಾದರಿ. ಹೈದರಾಬಾದಿಗೆ ಫೋನ್ ಮಾಡಿದೆ. ಆ ನಂಬರಿನ ವಾಚು ಅರಬ್ ಕೊಲ್ಲಿಗೂ ಹೋಗಿದೆ, ಸ್ಪ್ಯಾನಿಷ್ ಬಿಲ್ಲೆಯೊಂದಿಗೆ ಸಿಂಗಪುರದ ಮೇಲೆ ಮುಂಬಯಿಗೂ ಬಂದಿದೆ, ನಂಬರು ನೋಡಿ ಏನೂ ಹೇಳಲಾಗದು ಎಂದರು ವ್ಯಾಪಾರಿ. ಅಲ್ಲಿಗೆ ಆ ದಾರಿ ಮುಚ್ಚಿತು.

ಫೋಟೊವನ್ನು ಭೂತಗನ್ನಡಿಯ ಕೆಳಗಿಟ್ಟರೆ ಬರೀ ಚುಕ್ಕೆಗಳು. ಕಿಟಕಿ ಇದ್ದ ಜಾಗದಲ್ಲಿ ಒಂದು ಬಿಳಿ ಕಲೆ, ಅಷ್ಟೇ. ನೆಗೆಟಿವ್ ಸಿಕ್ಕರೆ ದೊಡ್ಡದು ಮಾಡಬಹುದೆಂದು ಒಂದು ದಿನ ಅಂಗಡಿ ಮುಚ್ಚಿ ಕುಷ್ಟಗಿಯ ಬಸ್ಸು ಹತ್ತಿದೆ. ಸ್ಟುಡಿಯೋದವರು ಫೋಟೊ ನೋಡಿದ ಕೂಡಲೇ ನೆನಪು ಮಾಡಿಕೊಂಡರು.

"ಈ ಮನಷ್ಯಾ ಭಾಳ ಎತ್ತರ ಇದ್ದ್ರಿ. ಹಿಂದಿನ ಪರದೆ ಸಾಲಲಿಲ್ಲ, ಮ್ಯಾಲಿನ ಗ್ವಾಡಿ ಬರ್ತಿತ್ತು. ಕಡೀಕ ಕ್ಯಾಮೆರಾನ ಹಿಂದ ತಗೊಂಡು ತೆಗದೆ."

ನೆಗೆಟಿವ್‌ಗಳನ್ನು ಅವರು ಹಳೆಯ ಬಿಸ್ಕತ್ತಿನ ಡಬ್ಬಿಗಳಲ್ಲಿ ಇಟ್ಟಿದ್ದರು. ಹುಡುಕಲು ಮಧ್ಯಾಹ್ನವೆಲ್ಲ ಹಿಡಿಯಿತು. ಕತ್ತಲೆ ಕೋಣೆಯಲ್ಲಿ ಕೈಯ ಭಾಗವನ್ನಷ್ಟೇ ಹಿಗ್ಗಿಸಿ ಕಾಗದದ ಮೇಲೆ ಬೀಳಿಸಿದರು. ಕೆಂಪು ದೀಪದ ಬೆಳಕಿನಲ್ಲಿ, ನೀರಿನಂಥ ದ್ರಾವಣದೊಳಗೆ, ಮೊದಲು ಬೆರಳು ಮೂಡಿದವು, ಆಮೇಲೆ ವಾಚು. ಕೊನೆಗೆ ಕಿಟಕಿ. ಅದರಲ್ಲಿ ಬಾಗಿದ ಗೆರೆ, ಅದರ ಕೆಳಗೊಂದು ಚುಕ್ಕೆ. ಅರೇಬಿಕ್ ಅಕ್ಷರವೇ. ಯಾವ ವಾರವೆಂದು ಓದಲಾಗದಿದ್ದರೂ ಇಂಗ್ಲಿಷ್ ಅಲ್ಲ, ಸ್ಪ್ಯಾನಿಷ್ ಅಂತೂ ಅಲ್ಲವೇ ಅಲ್ಲ. ಸತ್ತವನೆಂದು ಎಲ್ಲರೂ ಹೇಳುತ್ತಿದ್ದ ಮನುಷ್ಯನ ಕೈ ಆ ಟ್ರೇಯಲ್ಲಿ ತೇಲುತ್ತಿತ್ತು. ಸ್ಟುಡಿಯೋದವರು ಅದನ್ನು ಎತ್ತಿ ಒಣಹಾಕಿದರು.

ಇನ್ನು ಉಳಿದದ್ದು ಮೈದುನ ಕೇಳಿದ ಪ್ರಶ್ನೆ. ರಜೆಯಿಂದ ಹಿಂತಿರುಗಿದ ಮೇಲೆ ಯಾರಾದರೂ ಬಿಲ್ಲೆ ಬದಲಿಸಿದ್ದರೆ?

ವಾರದ ಬಿಲ್ಲೆ ಇರುವುದು ಡಯಲಿನ ಹಿಂದೆ. ಅದನ್ನು ತೆಗೆಯಬೇಕಾದರೆ ಮೊದಲು ಮುಳ್ಳುಗಳನ್ನು ಎತ್ತಬೇಕು, ಆಮೇಲೆ ಡಯಲನ್ನು ಬಿಡಿಸಬೇಕು, ಕೊನೆಗೆ ಬಿಲ್ಲೆಯನ್ನು ಹಿಡಿದಿರುವ ಕೂದಲಿನಷ್ಟು ತೆಳುವಾದ ಉಕ್ಕಿನ ಕ್ಲಿಪ್ಪನ್ನು ಮೊನೆಯಿಂದ ಮೀಟಿ ತೆಗೆಯಬೇಕು. ಎಷ್ಟೇ ನಾಜೂಕಿನ ಕೈಯಾದರೂ ಕ್ಲಿಪ್ಪಿನ ಬಾಯಿಯ ಹತ್ತಿರ ಒಂದು ಗೀರು ಉಳಿಯುತ್ತದೆ. ನಾನು ಮುಳ್ಳುಗಳನ್ನು ಎತ್ತಿದೆ. ಅವುಗಳ ಕೆಳಗೆ ಡಯಲಿನಲ್ಲಿ ಹಿಂದೆ ಯಾರೂ ಸಲಕರಣೆ ಊರಿದ ಗುರುತಿರಲಿಲ್ಲ. ಡಯಲನ್ನು ಬಿಡಿಸಿದೆ. ಕ್ಲಿಪ್ಪನ್ನು ಅತ್ಯಂತ ದೊಡ್ಡದಾಗಿ ತೋರಿಸುವ ಗಾಜಿನಲ್ಲಿ ಸುತ್ತಲೂ ತಿರುಗಿಸಿ ನೋಡಿದೆ. ಕನ್ನಡಿಯಂತಿತ್ತು. ಆ ವಾಚನ್ನು ಜಪಾನಿನಲ್ಲಿ ಜೋಡಿಸಿದವರ ಬಳಿಕ ಅದರೊಳಗೆ ಕೈಯಿಟ್ಟ ಮೊದಲನೆಯವಳು ನಾನು.

ಚೈನನ್ನೂ ಅಳೆದೆ. ಸಣಕಲು ಕೈಗೆಂದು ಕೊಂಡಿಗಳನ್ನು ತೆಗೆದು ಗಿಡ್ಡ ಮಾಡಿದ್ದರು. ನನ್ನ ಮುಂಗೈಗೇ ಸರಿಯಾಗಿ ಕೂತಿತು.

ಆಕೆ ಮೈದುನನೊಂದಿಗೆ ಮತ್ತೆ ಬಂದಾಗ ನಾನು ಕಂಡದ್ದನ್ನೆಲ್ಲ ಹೇಳಿದೆ. ಹಿಗ್ಗಿಸಿದ ಫೋಟೊ ತೋರಿಸಿದೆ. ಕ್ಲಿಪ್ಪನ್ನು ಅವಳ ಕಣ್ಣಿಗೆ ಗಾಜು ಹಿಡಿದು ತೋರಿಸಿದೆ. ಈ ವಾಚು ನಿನ್ನ ಗಂಡನದ್ದಲ್ಲ ಎಂದೆ. ಮಾತಿನಲ್ಲಿ ಎಚ್ಚರವಾಗಿರಬೇಕೆಂದು ಇದನ್ನೂ ಸೇರಿಸಿದೆ, "ವಾಚು ಬ್ಯಾರೆ ಅಂತಷ್ಟ ನಾ ಹೇಳ್ತೀನಿ. ಅದಕ್ಕಿಂತ ಹೆಚ್ಚಿಗಿ ನನಗ ಗೊತ್ತಿಲ್ಲ."

ಆ ಕೊನೆಯ ಮಾತು ಅವಳಿಗೆ ತಾಕಲೇ ಇಲ್ಲ.

"ಹಂಗಂದ್ರ ಅವರು ಅದಾರ" ಎಂದಳು. ನಗಲಿಲ್ಲ, ಅಳಲಿಲ್ಲ. ಮೈದುನನ ಕಡೆ ತಿರುಗಿ, "ನಡಿ, ಬಸ್ಸಿಗೆ ಹೊತ್ತಾತು" ಎಂದು ಎದ್ದಳು.

ಕೆಲವು ವಾರಗಳ ನಂತರ ಮೈದುನ ಒಬ್ಬನೇ ಬಂದ. ಮುಖ ಇಳಿದುಹೋಗಿತ್ತು.

"ಅಕ್ಕಾರ, ಅತ್ತಿಗಿ ಅಣ್ಣನ ಅಂಗಿ ಎಲ್ಲಾ ತೊಳದು ಇಸ್ತ್ರಿ ಮಾಡಿಸ್ಯಾರ. ದಿನಾ ಸಂಜಿಕ ಎರಡು ರೊಟ್ಟಿ ಎತ್ತಿ ಇಡ್ತಾರ. ಬಸ್ಸಿನ ಸಪ್ಪಳ ಕೇಳಿದ್ರ ಬಾಗಲಕ್ಕ ಬರ್ತಾರ. ಮೊದಲ ಅವ್ವ ಬೈತಿದ್ಲು, ಈಗ ಅವ್ವನೂ ಅವರ ಜೋಡಿ ಬಂದು ನಿಂದ್ರತಾಳ್ರಿ. ನನಗ ಮನಿಗೆ ಹೋಗಾಕ ಅಂಜಿಕಿ ಆಗೈತಿ."

ನಾನು ಚಹಾ ತರಿಸಿದೆ. ಅವನು ಮುಟ್ಟಲಿಲ್ಲ.

"ನೀವ ಬಂದು ಹೇಳ್ರಿ. ಮತ್ತೊಮ್ಮೆ ನೋಡಿದೆ, ಬಿಲ್ಲಿ ಬದಲಿ ಮಾಡ್ಯಾರ ಅಂತ. ನೀವು ಹೇಳಿದ್ರ ನಂಬ್ತಾರ."

ನಾನು ಉತ್ತರ ಕೊಡುವ ಬದಲು ಮೊದಲೇ ಕೇಳಬೇಕಿದ್ದ ಒಂದು ಪ್ರಶ್ನೆ ಕೇಳಿದೆ. ಆ ತೆಗ್ಗಿನಲ್ಲಿ ನಿಮ್ಮಣ್ಣನ ಜೊತೆ ಬೇರೆ ಯಾರಾದರೂ ಇದ್ದರೇ?

"ಇದ್ದ್ರಿ. ಹುಲಿಹೈದರದ ಹುಡುಗ ಒಬ್ಬಾಂವ. ಇಬ್ರೂ ಒಂದ ಖೋಲಿಯಾಗ ಇರ್ತಿದ್ರು. ಹೈದರಾಬಾದಿಗೆ ಎರಡೂ ಪೆಟ್ಟಿಗಿ ಒಂದ ವಿಮಾನದಾಗ ಬಂದ್ವು. ಒಂದ ಗಾಡ್ಯಾಗ ತಂದ್ವಿ. ಆ ಹುಡುಗನ ಪೆಟ್ಟಿಗಿ ಮೊದಲು ಇಳಿಸಿ ನಮ್ಮೂರಿಗೆ ಬಂದ್ವಿ."

ಹೇಳುತ್ತ ಹೇಳುತ್ತಲೇ ಅವನಿಗೆ ತಿಳಿಯಿತು. "ಪೆಟ್ಟಿಗಿ ಅದಲಬದಲ ಆಗ್ಯಾವೇನ್ರಿ?" ಎಂದ.

"ಆ ಹುಡುಗ ಹೆಂಗಿದ್ದ?" ಎಂದೆ.

"ನಾ ಫೋಟೊದಾಗ ನೋಡೀನಿ. ಸಣ್ಣಾಂವ. ಅಣ್ಣನ ಭುಜಕ್ಕ ಬರ್ತಿದ್ದ."

ಅವನನ್ನು ಊರಿಗೆ ಕಳಿಸಿ, ಮನೆಯಲ್ಲಿ ಇನ್ನೂ ಏನೂ ಹೇಳಬೇಡವೆಂದೆ. ಕನಕಗಿರಿಯ ಮೇಲಿಂದ ನಾನೊಬ್ಬಳೇ ಹುಲಿಹೈದರಕ್ಕೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪರದೇಶದಲ್ಲಿ ಸತ್ತ ಹುಡುಗನ ಮನೆಯೆಂದರೆ ಎಲ್ಲರೂ ತೋರಿಸಿದರು.

ತಾಯಿ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ತೆಳ್ಳನೆಯ ಮುದುಕಿ. ಕೈ ಆಡಿಸಿದಾಗಲೆಲ್ಲ ಒಂದು ದೊಡ್ಡ ಸ್ಟೀಲ್ ವಾಚು ಮುಂಗೈಯಿಂದ ಮೊಣಕೈಯವರೆಗೆ ಜಾರಿ, ಮತ್ತೆ ಇಳಿಯುತ್ತಿತ್ತು. ನೀಲಿ ಡಯಲು. ದೂರದಿಂದಲೇ ಗುರುತು ಹಿಡಿದೆ.

ಗಂಗಾವತಿಯವಳು, ವಾಚಿನ ಕೆಲಸದವಳು, ನಿಮ್ಮ ಮಗನ ಜೊತೆ ತೀರಿಕೊಂಡವರ ಮನೆಯವರು ಗುರುತು ಎಂದೆ. ಅದು ಸುಳ್ಳಲ್ಲ. ಕೂರಲು ಹೇಳಿದಳು, ನೀರು ಕೊಟ್ಟಳು. ವಾಚಿನ ಕಡೆ ನಾನು ನೋಡುವುದನ್ನು ಕಂಡು ತಾನೇ ಕೈ ಚಾಚಿದಳು.

"ಇದು ನನ್ನ ಮಗಂದು. ಇಟ್ರ ನಿಂತುಬಿಡ್ತದವ್ವಾ. ಗ್ವಾಡಿಗೆ ತೂಗ ಹಾಕಿದ್ದೆ, ಮರದಿನ ನಿಂತಿತ್ತು. ಜೀವ ಚುರ್ ಅಂತು. ಅವತ್ತಿಂದ ನಾನ ಕಟ್ಕೊಂಡು ಅಡ್ಯಾಡ್ತೀನಿ. ಮಲಗಿದ್ರೂ ಬಿಚ್ಚೂದಿಲ್ಲ."

"ಮಗ ಇದನ್ನ ಎಲ್ಲಿ ತಗೊಂಡಿದ್ದ?"

"ಹೋಗೂ ಮುಂದ ಅವನ ಮಾವ ಮುಂಬೈಯಾಗ ಕೊಡಿಸಿದ್ದ."

ಮುಂಬಯಿ. ಸ್ಪ್ಯಾನಿಷ್ ಬಿಲ್ಲೆಯ ವಾಚು ಬರುವುದೆಂದು ವ್ಯಾಪಾರಿ ಹೇಳಿದ ದಾರಿ. ನಾನು ಅವಳ ಕೈ ಹಿಡಿದು ಕಿಟಕಿಯೊಳಗೆ ನೋಡಿದೆ. ಅಂದು ಶುಕ್ರವಾರವಾಗಿರಲಿಲ್ಲ, ವಾಚು ನಿಂತಾಗ ಯಾರೋ ಮತ್ತೆ ಹೊಂದಿಸಿದ್ದರಿಂದಲೋ ಏನೋ ಇಂಗ್ಲಿಷ್ ಅಕ್ಷರ ಬಂದಿತ್ತು. ಸ್ವಲ್ಪ ತಿರುಗಿಸಲೇ ಎಂದು ಕೇಳಿ ಗುಬುಟು ಎಳೆದೆ. ಬಳ್ಳಿಯಂಥ ಅಕ್ಷರಗಳು ಒಂದೊಂದಾಗಿ ಹಾದುಹೋದವು. ಶುಕ್ರವಾರಕ್ಕೆ ಕೆಂಪು ಬಂತು. ಮತ್ತೆ ಮೊದಲಿನಂತೆಯೇ ಮಾಡಿ ಕೈ ಬಿಟ್ಟೆ.

"ಚೈನು ಭಾಳ ಸಡ್ಲ ಐತಲ್ಲಬೇ, ಕಡಿಮಿ ಮಾಡಿಕೊಡಲೇನು?" ಎಂದೆ, ಏನಾದರೂ ಹೇಳಬೇಕೆಂದು.

"ಬ್ಯಾಡವ್ವಾ. ಇದ್ದಂಗ ಇರಲಿ" ಎಂದಳು. ನನ್ನನ್ನೇ ಸ್ವಲ್ಪ ಹೊತ್ತು ನೋಡಿ ಮತ್ತೆ ಶೇಂಗಾಕ್ಕೆ ಕೈಹಾಕಿದಳು.

ಮಗನನ್ನು ಸುಟ್ಟರೆಂದೂ, ಬೂದಿಯನ್ನು ಹನುಮನಹಳ್ಳಿಯ ಹತ್ತಿರ ಹೊಳೆಗೆ ಬಿಟ್ಟರೆಂದೂ ಹೊರಡುವ ಮುಂಚೆ ಅವಳ ಬಾಯಿಂದ ತಿಳಿಯಿತು.

ಹಿಂತಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕಾಲುವೆ, ಭತ್ತದ ಗದ್ದೆ ನೋಡುತ್ತಿದ್ದೆ, ಕಾಣುತ್ತಿದ್ದದ್ದು ಮೊಣಕೈಗೆ ಜಾರುವ ಆ ವಾಚು. ಯಲಬುರ್ಗಾದ ಹೊಲದಲ್ಲಿ ಇರುವವನು ಈ ಮುದುಕಿಯ ಮಗ. ಅವಳ ಅಂಗಳದಿಂದ ಹೊರಟು ಬೂದಿಯಾಗಿ ಹೋದವನು ಆ ಹೆಂಗಸಿನ ಗಂಡ. ಎಲ್ಲಿ ತಪ್ಪಿತೋ, ಆ ದೇಶದಲ್ಲೋ, ದಾರಿಯಲ್ಲೋ, ಚೀಟಿ ಅಂಟಿಸುವಾಗಲೋ, ಯಾರಿಗೆ ಗೊತ್ತು. ಮೈದುನ ಕೇಳಿದಂತೆ ಒಂದೇ ಒಂದು ಸುಳ್ಳು ಹೇಳಿದರೆ ಎಲ್ಲವೂ ತನ್ನ ಜಾಗದಲ್ಲಿ ಕೂರುತ್ತಿತ್ತು. ಆಕೆ ಅತ್ತು, ತಾಳಿ ತೆಗೆದು, ಹೊಲದ ಗುಡ್ಡೆಗೆ ಹೂವಿಡುತ್ತಿದ್ದಳು. ಮುದುಕಿ ತನ್ನ ಮಗನದ್ದೆಂದೇ ವಾಚು ಕಟ್ಟಿಕೊಂಡು ಓಡಾಡುತ್ತಿದ್ದಳು. ಆದರೆ ಆ ಇಬ್ಬರು ಗಂಡಸರು ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಉಳಿದುಬಿಡುತ್ತಿದ್ದರು, ಅದು ಗೊತ್ತಿರುವವಳು ನಾನೊಬ್ಬಳೇ ಆಗುತ್ತಿದ್ದೆ. ಅದನ್ನು ಹೊತ್ತುಕೊಂಡು ದಿನಾ ಅಂಗಡಿಯ ಬಾಗಿಲು ತೆಗೆಯುವ ಧೈರ್ಯ ನನಗಿರಲಿಲ್ಲ. ಗಂಗಾವತಿ ಬರುವ ಹೊತ್ತಿಗೆ ಹೇಳುವುದೆಂದು ನಿಶ್ಚಯ ಮಾಡಿದ್ದೆ. ನಿಶ್ಚಯ ಮಾಡಿದ ಮೇಲೆ ಹಗುರವೇನೂ ಆಗಲಿಲ್ಲ.

ಯಲಬುರ್ಗಾದ ಆ ಹಳ್ಳಿಗೆ ಹೋದಾಗ ಆಕೆ ಬಾಗಿಲಲ್ಲೇ ಇದ್ದಳು. ಬಸ್ಸಿನ ಸಪ್ಪಳಕ್ಕೆ ಹೊರಬಂದು ನಿಂತಿದ್ದಳು. ಪಕ್ಕದಲ್ಲಿ ಅತ್ತೆ. ಒಳಗೆ ದಾರದ ಮೇಲೆ ಇಸ್ತ್ರಿ ಮಾಡಿದ ಗಂಡಸಿನ ಅಂಗಿಗಳು ಸಾಲಾಗಿ ತೂಗುತ್ತಿದ್ದವು. ನಾನು ಆ ಅಂಗಿಗಳ ಕೆಳಗೇ ಕೂತು ಹೇಳಬೇಕಾಯಿತು. ಹುಲಿಹೈದರ, ಎರಡನೆಯ ಪೆಟ್ಟಿಗೆ, ಮುದುಕಿಯ ಕೈ, ಕೆಂಪು ಶುಕ್ರವಾರ. ಯಾವುದನ್ನೂ ಬಿಡಲಿಲ್ಲ. ಅತ್ತೆ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡಳು. ಸೊಸೆ ನೆಲ ನೋಡುತ್ತ ಕೂತಿದ್ದಳು.

ಆಮೇಲೆ ಕೇಳಿದ್ದು ಒಂದೇ ಮಾತು. "ಆ ವಾಚು ನಡದೈತೇನ್ರಿ?"

"ನಡದೈತಿ. ಆ ತಾಯಿ ಹಗಲೂ ರಾತ್ರಿ ಬಿಚ್ಚೂದಿಲ್ಲ."

ಅವಳು ಎದ್ದು ದಾರದ ಮೇಲಿದ್ದ ಅಂಗಿಗಳನ್ನು ಒಂದೊಂದಾಗಿ ತೆಗೆದು ಮಡಿಚಿ ಪೆಟ್ಟಿಗೆಯಲ್ಲಿಟ್ಟಳು. ಮಡಿಕೆ ಸರಿಯಾಗದಿದ್ದರೆ ಬಿಚ್ಚಿ ಮತ್ತೆ ಮಡಿಚಿದಳು. "ನಾ ಅವರನ್ನ ನೋಡಬೇಕ್ರಿ" ಎಂದಳು.

ನಾವು ಮೂವರು, ಆಕೆ, ಮೈದುನ, ನಾನು, ಹುಲಿಹೈದರಕ್ಕೆ ಹೋದೆವು. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ನಾನು ಮಾತು ಜೋಡಿಸುತ್ತಿದ್ದೆ. ಅದರ ಅಗತ್ಯ ಬೀಳಲಿಲ್ಲ. ಮುದುಕಿ ಆಕೆಯನ್ನು ನೋಡಿದಳು, ಅವಳ ಕಣ್ಣು ವಾಚಿನ ಮೇಲೆ ನೆಟ್ಟದ್ದನ್ನು ನೋಡಿದಳು. ಪಕ್ಕದಲ್ಲಿ ಚಾಪೆ ಹಾಸಿ, "ಬಾರವ್ವಾ, ಕೂಡು" ಎಂದಳು. "ನಿನ್ನ ಗಂಡಂದೇನು?"

ಆಕೆ ತಲೆಯಾಡಿಸಿದಳು.

"ಯವ್ವಾ, ನಿನಗ ಗೊತ್ತಿತ್ತೇನು?" ಎಂದೆ ನಾನು.

"ಗೊತ್ತಿತ್ತು. ಪೆಟ್ಟಿಗ್ಯಾಗಿಂದ ತಗದು ಚಟ್ಟದ ಮ್ಯಾಲೆ ಹಾಕಿದಾಗ ಅರಿವಿ ಸುತ್ತಿದ್ದು ಬಿಚ್ಚಲಿಲ್ಲ. ಆದ್ರ ಕಾಲು ಚಟ್ಟ ದಾಟಿ ಹೊರಗ ಬಂದಿದ್ವು. ನನ್ನ ಮಗ ಅಷ್ಟು ಉದ್ದ ಇದ್ದಿಲ್ಲವ್ವಾ. ಹೆತ್ತಾಕಿಗೆ ಗೊತ್ತಾಗೂದಿಲ್ಲೇನು. ವಾಚು ನೋಡಿದ ಮ್ಯಾಲಂತೂ ಖಾತ್ರಿ ಆತು."

"ಮತ್ಯಾಕ ಹೇಳಲಿಲ್ಲ?"

"ಯಾರೋ ಒಬ್ಬಾಕಿ ಮಗ ಅಷ್ಟು ದೂರದಿಂದ ನಮ್ಮ ಬಾಗಲಕ್ಕ ಬಂದಿದ್ದ. ನೀ ನನ್ನ ಮಗ ಅಲ್ಲ, ಹೋಗು ಅಂತ ಹೆಂಗ ಅನ್ನಲಿ? ಸುತ್ತಿದ ಅರಿವಿ ಮ್ಯಾಲೇ ಎಣ್ಣಿ ಅರಿಸಿಣ ಹಚ್ಚಿ, ನನ್ನ ಮಗಂಗ ಏನ ಮಾಡ್ತಿದ್ದೆನೋ ಅದನ್ನ ಮಾಡಿ ಕಳಿಸೀನಿ. ಅತ್ತೀನಿ. ಅಳಲಾರದ ಕಳಿಸಿಲ್ಲ." ಅವಳು ವಾಚನ್ನು ಮೊಣಕೈಯಿಂದ ಕೆಳಗಿಳಿಸಿದಳು. "ಎಲ್ಲೋ ನನ್ನ ಮಗನ್ನೂ ಯಾರರೆ ಹಂಗ ನೋಡ್ಕೊಂಡಿರಬೇಕು ಅನಕೊಂಡೆ."

ಅದುವರೆಗೆ ಕಣ್ಣೀರು ಹಾಕದಿದ್ದ ಹೆಂಗಸು ಆಗ ಅತ್ತಳು. ಮುದುಕಿ ಅವಳ ಬೆನ್ನ ಮೇಲೆ ಕೈಯಾಡಿಸುತ್ತ ಕೂತಿದ್ದಳು. ಆ ಕೈಯಲ್ಲೇ ವಾಚಿತ್ತು. ಬೆನ್ನಿನ ಮೇಲೆ ಅದು ಏರಿಳಿಯುವುದನ್ನು ನೋಡಲಾಗದೆ ನಾನೂ ಮೈದುನನೂ ಅಂಗಳದಾಚೆ ಹೋಗಿ ನಿಂತೆವು.

ಆಮೇಲೆ ವಾಚುಗಳು ಕೈ ಬದಲಾದವು. ನಾವು ತಂದಿದ್ದ ಅವಳ ಮಗನ ವಾಚನ್ನು ಮುದುಕಿಗೆ ಕಟ್ಟಿಕೊಟ್ಟೆ, ಸರಿಯಾಗಿ ಕೂತಿತು. ಆಕೆ ಗಂಡನದ್ದನ್ನು ಕಟ್ಟಿಕೊಳ್ಳಲಿಲ್ಲ, ಮುಷ್ಟಿಯಲ್ಲಿ ಹಿಡಿದುಕೊಂಡಳು. ಮೈದುನ, ಸರಕಾರಿ ಆಫೀಸಿಗೆ ಅರ್ಜಿ ಹಾಕೋಣ, ಹೊಲದಲ್ಲಿ ಅಗೆಸಿ ಪರೀಕ್ಷೆ ಮಾಡಿಸಬಹುದಂತೆ ಎಂದ. ನನಗೂ ಅದು ಬೇಕೆನಿಸಿತ್ತು. ಯಾಕೆಂದರೆ ನನ್ನಲ್ಲೊಂದು ಹುಳು ಕೊರೆಯುತ್ತಲೇ ಇತ್ತು, ಒಂದೇ ಕೋಣೆಯ ಗೆಳೆಯರು ವಾಚು ಅದಲುಬದಲು ಮಾಡಿಕೊಂಡಿದ್ದರೆ? ಒಂದು ವಾಚನ್ನು ಯಾವ ದೇಶಕ್ಕೆಂದು ಮಾಡಿದರು ಎಂಬುದನ್ನು ನಾನು ಹೇಳಬಲ್ಲೆ. ಕೊನೆಯ ದಿನ ಅದು ಯಾರ ಕೈಯಲ್ಲಿತ್ತು ಎಂಬುದನ್ನು ಯಾವ ಬಿಲ್ಲೆಯೂ ಯಾವ ಕ್ಲಿಪ್ಪೂ ಹೇಳುವುದಿಲ್ಲ. ಮುದುಕಿ ಕಂಡ ಆ ಉದ್ದನೆಯ ಕಾಲುಗಳು ಇಲ್ಲದಿದ್ದರೆ ನನ್ನ ಇಡೀ ಲೆಕ್ಕ ಗಾಳಿಯಲ್ಲಿ ನಿಂತಿತ್ತು. ಇಂದಿಗೂ ಒಮ್ಮೊಮ್ಮೆ ಕೆಲಸದ ನಡುವೆ, ಯಾವುದೋ ವಾಚಿನ ಕ್ಲಿಪ್ಪಿಗೆ ಗಾಜು ಹಿಡಿದಾಗ, ಇದು ನೆನಪಾಗಿ ಅದನ್ನು ಮತ್ತೊಮ್ಮೆ ತಿರುಗಿಸಿ ನೋಡುತ್ತೇನೆ.

ಆದರೆ ಮುದುಕಿ ಒಪ್ಪಲಿಲ್ಲ. "ಅಗ್ಯಾಕ ಬ್ಯಾಡ. ಒಮ್ಮೆ ಮಣ್ಣಾಗ ಮುಚ್ಚಿಕೊಂಡ ಸತ್ತಾನ. ಮತ್ತ ಆ ಗದ್ದಲ ಬ್ಯಾಡ. ಅಂವ ಇರೂ ಜಾಗಾ ತೋರಿಸ್ರಿ, ಸಾಕು." ಮೈದುನ ಮುಂದೆ ಆ ಮಾತೆತ್ತಲಿಲ್ಲ.

ಮೊದಲು ಹೋದದ್ದು ಹೊಳೆಗೆ. ಬೂದಿ ಬಿಟ್ಟ ಜಾಗವನ್ನು ಮುದುಕಿಯೇ ತೋರಿಸಿದಳು. ಬಂಡೆಗಳ ನಡುವೆ ನೀರು ಜೋರಾಗಿ ಹರಿಯುತ್ತಿತ್ತು. ಆಕೆ ಅಲ್ಲಿ ಬಳೆ ಒಡೆದಳು, ತಾಳಿ ತೆಗೆದಳು. ಮುದುಕಿ ಅವಳ ಹಣೆಯನ್ನು ತನ್ನ ಸೆರಗಿನಿಂದ ಒರೆಸಿದಳು. ಆಕೆ ನೀರಿನಲ್ಲಿ ಕೈಯಿಟ್ಟು ಕೂತಳು. ಇಟ್ಟ ಕೈಯ ಸುತ್ತ ನೀರು ಹರಿದುಹೋಗುತ್ತಲೇ ಇತ್ತು. "ಎಲ್ಲಂತ ಹುಡುಕಲಿ" ಎಂದಳು ಒಮ್ಮೆ, ಯಾರಿಗೂ ಅಲ್ಲದಂತೆ.

ಸಜ್ಜೆ ಕೊಯ್ದ ಮೇಲೆ, ಹೊಲದಲ್ಲಿ ಓಡಾಡಲು ಬರುವಂತಾದಾಗ, ಮುದುಕಿಯನ್ನು ಯಲಬುರ್ಗಾಕ್ಕೆ ಕರೆದುಕೊಂಡು ಹೋದೆವು. ಬದುವಿನ ಪಕ್ಕ, ಬೇವಿನ ಗಿಡದ ಹತ್ತಿರ ಒಂದು ಮಣ್ಣಿನ ಗುಡ್ಡೆ. ಮಳೆಗೆ ಸ್ವಲ್ಪ ಕುಸಿದಿತ್ತು. ಸುತ್ತ ಕಲ್ಲು ಜೋಡಿಸಿದ್ದರು, ಕಲ್ಲುಗಳ ಸಂದಿಯಲ್ಲಿ ಒಣಗಿದ ಹೂವಿದ್ದವು. ಅದು ಅತ್ತೆ ತನ್ನ ಮಗನಿಗೆಂದು ಇಟ್ಟ ಹೂವು. ಎಲ್ಲವೂ ಗೊತ್ತಾದ ಮೇಲೂ ಇಡುವುದನ್ನು ನಿಲ್ಲಿಸಿರಲಿಲ್ಲವಂತೆ.

ಮುದುಕಿ ಗುಡ್ಡೆಯ ಮುಂದೆ ಬಂದು ನಿಂತಳು. ಅಳಲಿಲ್ಲ. ಆ ತುದಿಯನ್ನೂ ಈ ತುದಿಯನ್ನೂ ಒಮ್ಮೆ ನೋಡಿದಳು. ಅವಳಿಗೆ ಏನೋ ತಿಳಿಯದೆ ತೊಡಕಾಗಿತ್ತು.

"ತಲಿ ಯಾವ ಕಡೆ ಮಾಡೀರಿ?" ಎಂದು ಕೇಳಿದಳು.

ಸೊಸೆ ಹೋಗಿ ಬೇವಿನ ಗಿಡದ ಕಡೆಯ ತುದಿಯನ್ನು ತೋರಿಸಿದಳು. ಮುದುಕಿ ನಿಧಾನಕ್ಕೆ ಅಲ್ಲಿ ಕೂತು, ಮಣ್ಣಿನ ಮೇಲೆ ಅಂಗೈಯಿಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ, ಹಾಗೇ ಇಟ್ಟುಕೊಂಡಿದ್ದಳು. ಆಕೆ ಸ್ವಲ್ಪ ದೂರದಲ್ಲಿ ನಿಂತು ಆ ಅಂಗೈಯನ್ನೇ ನೋಡುತ್ತಿದ್ದಳು. ಅವಳಿಗೆ ಹಾಗೆ ಕೈಯಿಡಲು ಎಲ್ಲಿಯೂ ಜಾಗವಿರಲಿಲ್ಲ. ಮುದುಕಿ ತಲೆಯೆತ್ತಿ ಅದನ್ನು ಕಂಡಳು. ಸ್ವಲ್ಪ ಸರಿದು, ತನ್ನ ಪಕ್ಕದಲ್ಲಿ ಆಕೆಗೆ ಜಾಗ ಮಾಡಿಕೊಟ್ಟಳು.